ಮುಟ್ಟಿದೆ ಎಂದು ನಂಬಿದ ತೋಳು

ಯಂತ್ರದ ತೋಳು ಗುರಿಯ ಮೇಲೆ ನಿಲ್ಲುತ್ತಿರಲಿಲ್ಲ. ಹತ್ತಿರ ಬರುತ್ತಿತ್ತು, ದಾಟುತ್ತಿತ್ತು, ಹಿಂದೆ ಸರಿಯುತ್ತಿತ್ತು, ಮತ್ತೆ ದಾಟುತ್ತಿತ್ತು. ಒಂದು ಕಬ್ಬಿನ ಕಣ್ಣನ್ನು ಅಲಗಿನ ಕೆಳಗೆ ತಂದು ನಿಲ್ಲಿಸಲು ಅದಕ್ಕೆ ಆರು ಸೆಕೆಂಡು ಬೇಕಾಗುತ್ತಿತ್ತು. ಅಷ್ಟರಲ್ಲಿ ಪಕ್ಕದ ಸಾಲಿನ ಹೆಣ್ಣುಮಕ್ಕಳು ಕೈಮಷೀನಿನಲ್ಲಿ ಮೂರು ಕಣ್ಣು ಕತ್ತರಿಸಿ ಬುಟ್ಟಿಗೆ ಹಾಕುತ್ತಿದ್ದರು.

ಇದು 2018ರ ಮುಂಗಾರಿನ ಮಾತು. ಜಾಗ, ಏಕಸಂಬಿಯ ಹತ್ತಿರದ ಒಂದು ಕಬ್ಬಿನ ಸಸಿಯ ನರ್ಸರಿ. ನಾನು ಸೈನ್ಯದ ವರ್ಕ್‌ಶಾಪಿನಲ್ಲಿ ಉಪಕರಣ ದುರಸ್ತಿ ಕಲಿತವನು. ನಿವೃತ್ತನಾದ ಮೇಲೆ ಚಿಕ್ಕೋಡಿ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನ ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದೆ. ತೋಳಿನ ಪ್ರೋಗ್ರಾಂ ಬರೆಯುತ್ತಿದ್ದವರು ನಮ್ಮ ಕಾಲೇಜಿನ ಯುವ ಅಧ್ಯಾಪಕಿ, ರಾಯಬಾಗದವರು. ಅದೇ ಅವರ ಪಿಎಚ್.ಡಿ. ವಿಷಯ. ಕಬ್ಬಿಣ, ತಂತಿ, ಗಾಳಿಯ ಕೊಳವೆ, ಕ್ಯಾಮರಾ ಮತ್ತು ತಪಾಸಣೆ ನನ್ನ ಪಾಲು.

ಈಗ ಇಡೀ ಕಬ್ಬು ನೆಡುವವರು ಕಡಿಮೆ. ಗಿಣ್ಣಿನ ಮೇಲಿನ ಮೊಳೆಯುವ ಕಣ್ಣನ್ನು ಅರ್ಧಚಂದ್ರದ ಅಲಗಿನಿಂದ ಚಿಪ್ಪಿನಂತೆ ಕೆತ್ತಿ, ತಟ್ಟೆಯ ಕುಳಿಯಲ್ಲಿಟ್ಟು ಸಸಿ ಮಾಡುತ್ತಾರೆ. ಎಡಗೈಯಲ್ಲಿ ಕಬ್ಬು ಹಿಡಿದು ಕಣ್ಣನ್ನು ಅಲಗಿನ ಕೆಳಗೆ ತರಬೇಕು, ಬಲಗೈಯಲ್ಲಿ ಹಿಡಿಕೆ ಒತ್ತಬೇಕು. ಹಿಂದಿನ ಹಂಗಾಮಿನಲ್ಲಿ ಆ ನರ್ಸರಿಯ ಹಿರಿಯ ಕೆಲಸಗಾರ್ತಿಯೊಬ್ಬರ ಎಡಗೈಯ ಎರಡು ಬೆರಳು ಹೋದವು. ನಲವತ್ತೈದರ ಆಸುಪಾಸಿನ ಹೆಂಗಸು. ಎಲ್ಲರೂ ಅವರನ್ನು ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ನರ್ಸರಿಯ ಮಾಲೀಕರು ಶೇಡಬಾಳದ ಜೈನ ಮನೆತನದವರು. ತಾವೇ ಕಾಲೇಜಿಗೆ ಬಂದು ಕೇಳಿದ್ದರು. “ಸರ್, ನನ್ನ ಶೆಡ್ಡಿನ್ಯಾಗ ಮತ್ತೊಮ್ಮಿ ರಕ್ತ ಬೀಳಬಾರದ್ರಿ. ನಾವು ಹುಳಾ ಸತ್ರ ಪಾಪ ಅನ್ನೋ ಮಂದಿ. ಮಷೀನ ಮಾಡಿ ಕೊಡ್ರಿ. ಮಾವಶೀನ್ನs ಅದರ ಮ್ಯಾಲ ಕುಂದರಸ್ತೇನಿ. ಎಡಗೈ ಹಂಗಾತಂತ ಅಕಿನ್ನ ಮನಿಗಿ ಕಳಸೂದು ನನ್ನ ಕಡಿಂದ ಆಗೂದಿಲ್ಲ.”

ನಾವು ಮಾಡಿದ್ದು ಇಷ್ಟು. ಮಾವಶಿ ಕಬ್ಬನ್ನು ಅಲಗಿನಿಂದ ದೂರದ, ದೋಣಿಯಂಥ ತೊಟ್ಟಿಯಲ್ಲಿ ಇಡುತ್ತಾರೆ. ತೋಳು ಅದನ್ನು ಹಿಡಿದು ಅಲಗಿನತ್ತ ಒಯ್ಯುತ್ತದೆ. ಮೇಲಿನ ಕ್ಯಾಮರಾ ಕಣ್ಣನ್ನು ಗುರುತಿಸುತ್ತದೆ. ಕಣ್ಣು ಅಲಗಿನ ನೇರಕ್ಕೆ ಬಂದಾಗ ಪ್ರೋಗ್ರಾಂ ಒಂದು ಸಂಕೇತ ಕೊಡುತ್ತದೆ, ಗಾಳಿಯ ಒತ್ತಡದಿಂದ ಅಲಗು ಇಳಿಯುತ್ತದೆ. ತೋಳು ಎಲ್ಲಿದೆ ಎಂದು ಅದರ ಕೀಲುಗಳೇ ಹೇಳಬಲ್ಲವು. ಹಿಡಿದ ಕಬ್ಬಿನ ಕಣ್ಣು ಎಲ್ಲಿದೆ ಎಂದು ಹೇಳಬಲ್ಲದ್ದು ಕ್ಯಾಮರಾ ಒಂದೇ.

ಮೊದಲ ಪ್ರೋಗ್ರಾಂ ಹಳೆಯ ಕ್ರಮದ್ದು. ಚಿತ್ರದಲ್ಲಿ ಕಣ್ಣು ಇರುವ ಜಾಗಕ್ಕೂ ಇರಬೇಕಾದ ಜಾಗಕ್ಕೂ ನಡುವೆ ಎಷ್ಟು ಪಿಕ್ಸೆಲ್ ಎಂದು ನೋಡಿ, ಅದಕ್ಕೆ ತಕ್ಕ ವೇಗ ಕೊಡುವುದು. ವೇಗ ಹೆಚ್ಚು ಕೊಟ್ಟರೆ ತೋಳು ಗುರಿ ದಾಟುತ್ತಿತ್ತು, ಕಡಿಮೆ ಕೊಟ್ಟರೆ ತೆವಳುತ್ತಿತ್ತು. ಶೆಡ್ಡಿನ ಮೇಲೆ ಹಸಿರು ನೆರಳುಪರದೆ. ಗಾಳಿ ಬೀಸಿದಾಗಲೆಲ್ಲ ಬೆಳಕು ಅಲುಗುತ್ತಿತ್ತು, ಕ್ಯಾಮರಾ ಕಣ್ಣನ್ನು ಒಂದು ಚಿತ್ರದಲ್ಲಿ ಇಲ್ಲಿ, ಮುಂದಿನ ಚಿತ್ರದಲ್ಲಿ ಅಲ್ಲಿ ಕಾಣುತ್ತಿತ್ತು. ತೋಳು ಹೆದರಿದ ದನದಂತೆ ನಡುಗುತ್ತಿತ್ತು. ಹದಿನೈದು ದಿನ ನಾನು ಬೋಲ್ಟು ಬಿಗಿಮಾಡಿದೆ, ಕ್ಯಾಮರಾದ ಕಾಲು ಬದಲಿಸಿದೆ, ಸುತ್ತ ದೀಪ ಕಟ್ಟಿದೆ. ಏನೂ ಆಗಲಿಲ್ಲ.

ಆಗ ಅಧ್ಯಾಪಕಿ ಆಕ್ಟಿವ್ ಇನ್‌ಫರೆನ್ಸ್ ಎಂಬ ಕ್ರಮ ತಂದರು. ನಾನು ಅರ್ಥ ಮಾಡಿಕೊಂಡಷ್ಟನ್ನು ಹೇಳುತ್ತೇನೆ. ಕಣ್ಣು ಇಂಥಲ್ಲಿದೆ ಎಂಬ ಒಂದು ಅಂದಾಜನ್ನು ತೋಳು ತನ್ನೊಳಗೆ ಇಟ್ಟುಕೊಳ್ಳುತ್ತದೆ. ಆ ಅಂದಾಜು ಸರಿಯಾಗಿದ್ದರೆ ಕ್ಯಾಮರಾಕ್ಕೆ ಏನು ಕಾಣಬೇಕು ಎಂದು ಮೊದಲೇ ಲೆಕ್ಕ ಹಾಕುತ್ತದೆ. ಕಂಡದ್ದು ಬೇರೆಯಾದರೆ ಎರಡು ದಾರಿ. ಅಂದಾಜನ್ನು ತಿದ್ದಬಹುದು. ಇಲ್ಲವೆ ತೋಳನ್ನು ಸರಿಸಿ, ಅಂದಾಜಿನಂತೆಯೇ ಕಾಣುವ ಹಾಗೆ ಮಾಡಬಹುದು. ಗುರಿಯನ್ನೂ ಅದರೊಳಗೆ ಒಂದು ನಂಬಿಕೆಯಾಗಿಯೇ ಇಡುತ್ತಾರೆ: ಕಣ್ಣು ಅಲಗಿನ ಕೆಳಗಿದೆ. ಆ ನಂಬಿಕೆ ನಿಜವಾಗುವವರೆಗೆ ತೋಳು ಚಲಿಸುತ್ತದೆ. ಕ್ಯಾಮರಾದ ಮಾತಿಗೆ ಇಷ್ಟು ತೂಕ, ಗುರಿಯ ನಂಬಿಕೆಗೆ ಇಷ್ಟು ತೂಕ ಎಂದು ನಿಗದಿ ಮಾಡಬೇಕು. ಚಿತ್ರ ಮಸುಕಾದರೆ ಕ್ಯಾಮರಾದ ತೂಕ ತಾನಾಗಿ ಇಳಿಯುತ್ತದೆ. ಹೀಗಾಗಿ ನೆರಳು ಅಲುಗಿದರೂ ತೋಳು ನಡುಗುವುದಿಲ್ಲ.

ಅಧ್ಯಾಪಕಿ ಇದನ್ನು ಮಾವಶಿಗೂ ಹೇಳಿದರು. ಯಂತ್ರದ ಮುಂದೆ ಕೂರುವವರಿಗೆ ಅದು ಏನು ಮಾಡುತ್ತದೆ ಎಂದು ಗೊತ್ತಿರಬೇಕು ಎಂಬುದು ಅವರ ಹಟ.

ಮಾವಶಿ ಸೆರಗಿನಿಂದ ಬಾಯಿ ಒರೆಸಿಕೊಂಡು ಕೇಳಿದರು. “ಅಂದ್ರ, ಮುಟ್ಟೇನಂತ ಮೊದಲs ತಿಳಕೊಂಡು, ಆಮ್ಯಾಲ ಮುಟ್ಟತೈತೇನ್ರಿ ಬಾಯಾರ?”

“ಹಂಗs ಅನ್ರಿ.”

“ನಮ್ಮ ಮನ್ಯಾವರೂ ಹಂಗs ಅದಾರ್ರಿ. ಮನಿ ಮುಟ್ಟೇನಂತ ತಿಳಕೊಂಡು ಹಾದ್ಯಾಗ ಮಲಕೊಂತಾರ!”

ಇಡೀ ಸಾಲು ನಕ್ಕಿತು. ನಾನೂ ನಕ್ಕೆ.

ಹೊಸ ಪ್ರೋಗ್ರಾಂ ಹಾಕಿದ ಮೇಲೆ ಕೆಲಸದ ಕ್ರಮ ನಾನೇ ಬರೆದೆ. ಬೆಳಿಗ್ಗೆ ಏಳಕ್ಕೆ ಶೆಡ್ಡು. ಕ್ಯಾಮರಾದ ಗಾಜು ಒರೆಸುವುದು, ಗಾಳಿಯ ಒತ್ತಡ ನೋಡುವುದು, ತೋಳನ್ನು ಮೂಲ ಸ್ಥಾನದ ಗೂಟಕ್ಕೆ ಮುಟ್ಟಿಸುವುದು. ಒಂದು ಸಲಕ್ಕೆ ಪ್ರೋಗ್ರಾಂನ ಒಂದೇ ಸಂಖ್ಯೆ ಬದಲಿಸುವುದು. ಪ್ರತಿ ಬದಲಾವಣೆಗೆ ಇಪ್ಪತ್ತು ಕಬ್ಬು. ಪ್ರತಿ ಕಬ್ಬಿಗೆ ಪುಸ್ತಕದಲ್ಲಿ ಒಂದು ಸಾಲು: ಎಷ್ಟು ಸೆಕೆಂಡು, ಅಂತರ ಮಿತಿಯೊಳಗೆ ಬಂತೆ ಇಲ್ಲವೆ. ಮೊದಲ ಮೂರು ದಿನ ಪ್ರತಿ ಸಲವೂ ಯಂತ್ರ ನಿಲ್ಲಿಸಿ, ಉಕ್ಕಿನ ಅಳತೆಪಟ್ಟಿಯನ್ನು ಅಲಗಿನ ಕೆಳಗೆ ಇಟ್ಟು ನೋಡಿದೆ. ಕಂಪ್ಯೂಟರ್ ಪರದೆಯ ಮೇಲಿನ ಅಂತರದ ಸಂಖ್ಯೆಯೂ ನನ್ನ ಅಳತೆಯೂ ಹೊಂದಿದವು. ನಾಲ್ಕನೆಯ ದಿನದಿಂದ ಪಟ್ಟಿಯನ್ನು ಪೆಟ್ಟಿಗೆಯಲ್ಲಿಟ್ಟು, ಪರದೆ ನೋಡಿ ಗುರುತು ಹಾಕತೊಡಗಿದೆ.

ಗುರಿಯ ತೂಕ ಏರಿಸಿದಂತೆ ಕಾಲ ಇಳಿಯಿತು. ಐದು ಸೆಕೆಂಡು, ಮೂರೂವರೆ, ಎರಡೂಕಾಲು. ಮೂರನೆಯ ವಾರದ ಕೊನೆಗೆ ಎರಡಕ್ಕೂ ಕಡಿಮೆ. ಪರದೆಯ ಮೇಲಿನ ಗೆರೆ ಮೊದಲು ಗರಗಸದಂತಿತ್ತು. ಈಗ ಇಳಿಜಾರಿನಲ್ಲಿ ನೀರು ಹರಿದಂತೆ ಇಳಿದು ಸೊನ್ನೆಯ ಮೇಲೆ ಮಲಗುತ್ತಿತ್ತು. ಅಧ್ಯಾಪಕಿ ಆ ಗೆರೆಯನ್ನು ತಮ್ಮ ಪ್ರಬಂಧದ ಅಧ್ಯಾಯಕ್ಕೆ ಸೇರಿಸಿದರು. ಮಾಲೀಕರು ನೆಂಟರನ್ನು ಕರೆತಂದು ತೋರಿಸಿದರು. ಮುಗಳಖೋಡದ ಇನ್ನೊಂದು ನರ್ಸರಿಗೂ ಅಂಥದೇ ತೋಳು ಮಾಡಿ ಕಳಿಸಿದೆವು. ಅಲ್ಲಿ ಹದಿನೈದು ದಿನದಲ್ಲಿ ಚಾಲೂ ಆಗಬೇಕಿತ್ತು.

ಅಲಗಿನ ಸುತ್ತ ಜಾಲರಿ ಹಾಕಿದ್ದೆ. ಆದರೆ ಕೆತ್ತಿದ ಚೂರು ಆಗಾಗ ಒಳಗೆ ಸಿಕ್ಕಿಕೊಳ್ಳುತ್ತಿತ್ತು, ಅದನ್ನು ತೆಗೆಯಲು ಒಂದು ಬದಿ ತೆರೆದಿಟ್ಟೆವು. ಆ ತೆರವಿನ ಮೇಲೆ ನಾನೇ ಬರೆದು ಅಂಟಿಸಿದ ಸೂಚನೆ ಹೀಗಿತ್ತು: “ಕಬ್ಬಿನ ಕಣ್ಣು ಅಲಗಿನ ನೇರಕ್ಕೆ ಬಾರದೆ ಅಲಗು ಇಳಿಯುವುದಿಲ್ಲ. ಚೂರು ಸಿಕ್ಕಿದ್ದರೆ ಕಣ್ಣು ದೂರ ಇರುವಾಗ ತೆಗೆಯಿರಿ.” ಮಾವಶಿಗೆ ಓದು ಬರುತ್ತಿರಲಿಲ್ಲ. ಮೂರು ಸಲ ಓದಿ ಹೇಳಿದೆ. ಅವರು ಅದನ್ನು ತಪ್ಪಿಲ್ಲದೆ ತಿರುಗಿ ಒಪ್ಪಿಸಿದರು.

ಮಣ್ಣೆತ್ತಿನ ಅಮಾವಾಸ್ಯೆ ಬಂತು. ನಮ್ಮ ಕಡೆ ಅಮಾವಾಸ್ಯೆಗೆ ದುಡಿಯುವ ಸಾಮಾನು ತೊಳೆದು ಪೂಜೆ ಮಾಡದೆ ಕೆಲಸ ಶುರುವಾಗುವುದಿಲ್ಲ. ಹೆಣ್ಣುಮಕ್ಕಳು ಕೈಮಷೀನುಗಳಿಗೆ ವಿಭೂತಿ, ಕುಂಕುಮ ಹಚ್ಚಿದರು. ಮಾವಶಿ ಸ್ಟೂಲಿನ ಮೇಲೆ ನಿಂತು ಕ್ಯಾಮರಾದ ಕವಚಕ್ಕೂ ಹಚ್ಚಿದರು.

“ಗಾಜಿಗಿ ಹತ್ತಬಾರದು ನೋಡ್ರಿ, ಮಾವಶಿ.”

“ಮಿಲಿಟ್ರಿ ಕಾಕಾ, ನಾ ಏನ ಸಣ್ಣ ಹುಡಿಗೇನ್ರಿ? ಹಣಿಗಿ ಹಚ್ಚಾಕ ಬರತೈತಿ, ಕಣ್ಣಾಗ ಹಾಕೂದಿಲ್ಲ.”

ಗಾಜಿಗೆ ಅವರು ಹಚ್ಚಲಿಲ್ಲ. ನಾನು ಹತ್ತಿರ ಹೋಗಿ ನೋಡಿದ್ದೇನೆ. ಮಧ್ಯಾಹ್ನ ಸಸಿಗಳಿಗೆ ತುಂತುರು ನೀರು ಬಿಟ್ಟರು. ಆ ತೇವಕ್ಕೆ ಕವಚದ ಮೇಲಿನ ಕುಂಕುಮ ಕರಗಿ ಗಾಜಿನ ಅಂಚಿಗೆ ಇಳಿಯಿತು.

ಮೂರು ಗಂಟೆಯ ಹೊತ್ತಿಗೆ ನಾನು ಗಾಳಿಯ ಯಂತ್ರದ ಹತ್ತಿರ ಇದ್ದೆ. ಅಲಗು ಬಿದ್ದ ಸದ್ದು ಕೇಳಿಸಿತು. ಒಂದು ಕ್ಷಣ ಬಿಟ್ಟು ಪಕ್ಕದ ಸಾಲಿನಲ್ಲಿ ಯಾರೋ ಚೀರಿದರು. ಮಾವಶಿ ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು, ತೋಳನ್ನೇ ನೋಡುತ್ತ ನಿಂತಿದ್ದರು. ತೋಳು ಕಬ್ಬು ಹಿಡಿದುಕೊಂಡು ಅಲಗಿನಿಂದ ಎರಡು ಬೆರಳಿನಷ್ಟು ಈಚೆಗೆ ನಿಂತಿತ್ತು. ಪರದೆಯ ಮೇಲೆ ಸೊನ್ನೆ.

ಮಾಲೀಕರೇ ಜೀಪು ಓಡಿಸಿದರು. ಗಡಿಯಾಚೆಯ ದೊಡ್ಡ ಆಸ್ಪತ್ರೆಗೆ ಹೋದೆವು. ದಾರಿಯಲ್ಲಿ ಮಾವಶಿ ಒಂದೇ ಮಾತನ್ನು ಹೇಳುತ್ತಿದ್ದರು.

“ಕಣ್ಣ ದೂರ ಇತ್ರಿ ಕಾಕಾ. ನಾ ನೋಡೇ ಕೈ ಹಾಕೀನ್ರಿ.”

ತೋರುಬೆರಳು ಮತ್ತು ನಡುಬೆರಳು ಉಳಿಯಲಿಲ್ಲ.

ಮರುದಿನ ಬೆಳಿಗ್ಗೆ ಕಾಲೇಜಿನಲ್ಲಿ ವಿಭಾಗದ ಮುಖ್ಯಸ್ಥರು ನಮ್ಮಿಬ್ಬರನ್ನೂ ಮಾಲೀಕರನ್ನೂ ಕೂರಿಸಿದರು. ಗಾಜಿನ ಮೇಲೆ ಕೆಂಪು ಕಲೆ ಇದ್ದುದು ಎಲ್ಲರಿಗೂ ಗೊತ್ತಾಗಿತ್ತು.

“ಕುಂಕುಮಾ ಹಚ್ಚಿದವರು ಯಾರ್ರಿ? ಒಳಗ ಕೈ ಹಾಕಿದವರು ಯಾರ್ರಿ?” ಎಂದರು ಮುಖ್ಯಸ್ಥರು. “ಎರಡೂ ಅವರs. ಇದ್ದದ್ದನ್ನ ಬರೀರಿ, ಮುಗೀತು.”

ಮಾಲೀಕರು ತಲೆ ತಗ್ಗಿಸಿ ಕೂತಿದ್ದರು. “ಶೆಡ್ಡಿನ್ಯಾಗ ಹೆಣ್ಮಕ್ಳೂ ಅದನs ಮಾತಾಡಾಕತ್ತಾರ್ರಿ. ಅಕೀನs ಮೈಮ್ಯಾಲ ತಂದ್ಕೊಂಡ್ಳು ಅಂತ.”

“ನನಗ ಎರಡು ದಿನಾ ಕೊಡ್ರಿ,” ಎಂದೆ.

ತೋಳನ್ನು ಪ್ರಯೋಗಾಲಯಕ್ಕೆ ತರಿಸಿದೆ. ಅಲಗು ಬಿಚ್ಚಿ, ಅದರ ಜಾಗದಲ್ಲಿ ಸೀಸದಕಡ್ಡಿ ಕಟ್ಟಿದೆ. ಅಲಗು ಇಳಿಯಬೇಕಾದಲ್ಲಿ ಕಾಗದದ ಮೇಲೆ ಚುಕ್ಕೆ ಬೀಳಲಿ ಎಂದು. ಮೊದಲು ಗಾಜಿಗೆ ಕುಂಕುಮದ ನೀರು ಸವರಿದೆ. ತೋಳು ಎರಡು ಬೆರಳು ಈಚೆಗೆ ನಿಂತಿತು, ಪರದೆ ಸೊನ್ನೆ ಎಂದಿತು, ಕಡ್ಡಿ ಇಳಿಯಿತು. ಅಪಘಾತ ಹಾಗೆಯೇ ಮರುಕಳಿಸಿತು. ಮುಖ್ಯಸ್ಥರಿಗೆ ಬೇಕಾದ ಉತ್ತರ ಅಷ್ಟರಲ್ಲೇ ಸಿಕ್ಕಿತ್ತು.

ಆದರೆ ವರ್ಕ್‌ಶಾಪಿನಲ್ಲಿ ನನಗೆ ಕಲಿಸಿದ ಕ್ರಮ ಬೇರೆ. ದೋಷ ಸಿಕ್ಕಿತೆಂದು ಅನಿಸಿದ ಮೇಲೆ ಅದನ್ನು ತೆಗೆದು, ಯಂತ್ರ ಸರಿಯಾಯಿತೆ ಎಂದು ನೋಡಬೇಕು. ಗಾಜು ಒರೆಸಿ ಇಪ್ಪತ್ತು ಕಬ್ಬು ಕೊಟ್ಟೆ. ಪ್ರತಿಯೊಂದಕ್ಕೂ ಅಳತೆಪಟ್ಟಿ ಇಟ್ಟೆ. ಶುದ್ಧ ಗಾಜಿನಲ್ಲೂ ಕಣ್ಣು ಗುರಿಗಿಂತ ಈಚೆಗೇ ಇತ್ತು: ಒಮ್ಮೆ ನಾಲ್ಕು ಮಿಲಿಮೀಟರ್, ಒಮ್ಮೆ ಏಳು. ಕಿಟಕಿ ಮುಚ್ಚಿ ಬೆಳಕು ಕಡಿಮೆ ಮಾಡಿದೆ, ಅಂತರ ಬೆಳೆಯಿತು. ಕಬ್ಬಿಗೆ ಮಣ್ಣು ಮೆತ್ತಿದೆ, ಇನ್ನೂ ಬೆಳೆಯಿತು. ಪರದೆ ಪ್ರತಿ ಸಲವೂ ಸೊನ್ನೆಯನ್ನೇ ತೋರಿಸಿತು.

ಅಧ್ಯಾಪಕಿ ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ಹನ್ನೊಂದನೆಯ ಕಬ್ಬಿಗೆ ಅವರು ಕುರ್ಚಿ ಎಳೆದುಕೊಂಡು ಪ್ರೋಗ್ರಾಂ ತೆರೆದರು. ಬಹಳ ಹೊತ್ತು ಓದಿದರು.

“ಸರ್, ಇದು ಕ್ಯಾಮರಾ ಕಂಡ ಅಂತರ ಅಲ್ರಿ.”

“ಮತ್ತ?”

“ಅಂದಾಜಿನ ಅಂತರ. ಹಳೇ ಪ್ರೋಗ್ರಾಂನ್ಯಾಗ ಇದೇ ಜಾಗಾದಾಗ ಪಿಕ್ಸೆಲ್ ಇತ್ರಿ. ಹೊಸಾದು ಬರೀವಾಗ ಅದೇ ಹೆಸರಿನ್ಯಾಗ ನಾ ಅಂದಾಜು ಹಾಕೀನಿ. ಪರದೆಗೂ ಅದs ಹೋಗತೈತಿ, ಅಲಗಿಗೂ ಅದs ಹೋಗತೈತಿ.”

ಉಳಿದದ್ದನ್ನು ಅವರು ಒಂದೊಂದಾಗಿ ಹೇಳಿದರು. ಗುರಿಯೂ ಒಂದು ನಂಬಿಕೆಯಾಗಿ ಒಳಗೆ ಇರುವುದರಿಂದ, ಅದು ಅಂದಾಜನ್ನು ಯಾವಾಗಲೂ ತನ್ನತ್ತ ಎಳೆಯುತ್ತದೆ. ಗುರಿಯ ತೂಕ ಹೆಚ್ಚಿಸಿದಷ್ಟೂ ಎಳೆತ ಹೆಚ್ಚು. ಕ್ಯಾಮರಾ ಮಸುಕಾದಾಗ ತಡೆಯುವವರೇ ಇಲ್ಲ. ಅಂದಾಜು ನೇರ ಹೋಗಿ ಗುರಿಯ ಮೇಲೆ ಕೂರುತ್ತದೆ, ತೋಳು ಹಿಂದೆಯೇ ಉಳಿಯುತ್ತದೆ. ಮೂರು ವಾರ ನಾವು ಗುರಿಯ ಮೇಲೆ ಬೇಗ ನಿಲ್ಲಲು ಕಲಿಸಿದ್ದು ಬಹುಪಾಲು ತೋಳಿಗಲ್ಲ, ಅಂದಾಜಿಗೆ. ಮೊದಲ ಮೂರು ದಿನ ಗುರಿಯ ತೂಕ ಕಡಿಮೆ ಇತ್ತು, ಅದಕ್ಕೇ ನನ್ನ ಪಟ್ಟಿಯ ಅಳತೆ ಹೊಂದಿತ್ತು.

ನಾನು ಪುಸ್ತಕ ತೆರೆದೆ. ನಾಲ್ಕನೆಯ ದಿನದಿಂದ ಮುಂದೆ ಪುಟದ ಮೇಲೆ ಪುಟ, ನೀಟಾದ ಗುರುತುಗಳು. ನನ್ನದೇ ಅಕ್ಷರ. ಒಂದು ಮಿಲಿಮೀಟರಿನ ಅಳತೆಯೂ ಇರಲಿಲ್ಲ. ಸೈನ್ಯದಲ್ಲಿ ನನ್ನ ಕೈಕೆಳಗಿನವನು ಹೀಗೆ ಪುಸ್ತಕ ತುಂಬಿದ್ದರೆ ಅವನನ್ನು ಅಂದೇ ಬೆಂಚಿನಿಂದ ಎಬ್ಬಿಸುತ್ತಿದ್ದೆ.

ಅಧ್ಯಾಪಕಿ ಪರದೆಯತ್ತ ಬೆರಳು ಮಾಡಿದರು. “ಇದನ್ನ ಬರದ್ರ ನನ್ನ ಅಧ್ಯಾಯ ಪೂರ್ತಿ ಹೋಗತೈತ್ರಿ ಸರ್. ಎಲ್ಲಾ ಗೆರಿಗಳೂ ಇದರಾವs.”

“ಮುಗಳಖೋಡದಾಗ ಇದೇ ಪ್ರೋಗ್ರಾಂ ಐತ್ರಿ, ಮೇಡಂ. ಸೋಮವಾರ ಚಾಲೂ ಮಾಡ್ತಾರ.”

ಅಂದು ಶುಕ್ರವಾರ. ಮುಖ್ಯಸ್ಥರಿಗೆ ಹೇಳಿದೆವು. ಅವರು ಗಟ್ಟಿ ಮನುಷ್ಯರೇನಲ್ಲ, ಕೆಟ್ಟವರೂ ಅಲ್ಲ. ಸಮಿತಿ ಕೂಡಲಿ, ಪ್ರಾಂಶುಪಾಲರು ಊರಿಂದ ಬರಲಿ, ಬುಧವಾರ ನೋಡೋಣ ಎಂದರು. ಮುಗಳಖೋಡಕ್ಕೆ ಫೋನು ಮಾಡಬೇಡಿ, ಮಾತು ಹಬ್ಬುತ್ತದೆ ಎಂದರು.

ನಲವತ್ತು ವರ್ಷದಲ್ಲಿ ನಾನು ಮೇಲಿನವರ ಮಾತು ಮೀರಿದ್ದಿಲ್ಲ. ಶನಿವಾರ ಬೆಳಗಿನ ಮೊದಲ ಬಸ್ಸು ಹಿಡಿದು ಮುಗಳಖೋಡಕ್ಕೆ ಹೋದೆ. ನರ್ಸರಿಯವರಿಗೆ ಏನಾಯಿತೆಂದು ಇದ್ದದ್ದು ಇದ್ದಂತೆ ಹೇಳಿದೆ. ಗಾಳಿಯ ವಾಲ್ವನ್ನು ಬಿಚ್ಚಿ ಚೀಲದಲ್ಲಿ ಹಾಕಿಕೊಂಡೆ. ವಾಲ್ವಿಲ್ಲದೆ ಅಲಗು ಇಳಿಯುವುದಿಲ್ಲ. ಸ್ವೀಕೃತಿ ಬರೆದುಕೊಟ್ಟು ಸಂಜೆಗೆ ವಾಪಸು ಬಂದೆ.

ನಾನು ಬಂದಾಗ ಅಧ್ಯಾಪಕಿ ಪ್ರಯೋಗಾಲಯದಲ್ಲೇ ಇದ್ದರು. ವರದಿ ಟೈಪು ಮಾಡಿ ಮುಗಿಸಿದ್ದರು. ಪ್ರೋಗ್ರಾಂ ದೋಷದ ಸಾಲಿನ ಕೆಳಗೆ ತಮ್ಮ ಹೆಸರು ಹಾಕಿದ್ದರು. ತಪಾಸಣೆಯ ಲೋಪ ಎಂಬ ಸಾಲಿನ ಮುಂದೆ ಜಾಗ ಖಾಲಿ ಬಿಟ್ಟಿದ್ದರು. ನಾನು ನನ್ನ ಹೆಸರು ಬರೆದೆ. ಅದರ ಮೇಲಿನ ವಾಕ್ಯವನ್ನೂ ನಾನೇ ಸೇರಿಸಿದೆ: ಕೆಲಸಗಾರ್ತಿ ಯಂತ್ರದ ಮೇಲೆ ಬರೆದ ಸೂಚನೆಯಂತೆಯೇ ನಡೆದುಕೊಂಡಿದ್ದಾರೆ, ಅವರು ಕಂಡದ್ದು ಸರಿಯಾಗಿತ್ತು.

ಬುಧವಾರ ಸಮಿತಿಯಲ್ಲಿ ಬೈಗುಳ ತಿಂದೆವು. ವರದಿ ಬದಲಾಗದೆ ಉಳಿಯಿತು. ಅಧ್ಯಾಪಕಿ ಆ ಅಧ್ಯಾಯವನ್ನು ತೆಗೆದುಹಾಕಿದರು. ಆಮೇಲೆ ನಾಲ್ಕು ತಿಂಗಳು ಕೂತು ಪ್ರೋಗ್ರಾಂ ಬೇರೆ ಮಾಡಿದರು. ಕಣ್ಣು ಎಲ್ಲಿದೆ ಎಂಬ ಅಂದಾಜಿನೊಳಗೆ ಗುರಿ ಕಾಲಿಡುವಂತಿಲ್ಲ. ಗುರಿಗೆ ಬೇರೆ ಜಾಗ. ಅಲಗಿಗೆ ಅಪ್ಪಣೆ ಕೊಡುವುದು ಕ್ಯಾಮರಾದ ಪಿಕ್ಸೆಲ್ ಮಾತ್ರ. ಚಿತ್ರ ಮಸುಕಾದರೆ ಯಂತ್ರ ನಿಲ್ಲಬೇಕು. ನಾನು ಜಾಲರಿಯ ನಾಲ್ಕೂ ಬದಿ ಮುಚ್ಚಿ, ಬಾಗಿಲು ತೆಗೆದರೆ ಗಾಳಿ ಕಡಿಯುವ ಕೀಲಿ ಹಾಕಿದೆ. ಐನೂರು ಕಬ್ಬು ಕೊಟ್ಟು ಐನೂರಕ್ಕೂ ಪಟ್ಟಿ ಇಟ್ಟೆ. ತೋಳು ನಡುಗದೆ ನಿಲ್ಲುತ್ತಿತ್ತು, ಪ್ರತಿ ಸಲವೂ ಗುರಿಯ ಮೇಲೆಯೇ. ನಾಲ್ಕು ಸೆಕೆಂಡು ಹಿಡಿಯುತ್ತಿತ್ತು.

ಮಾಲೀಕರು ಬಂದು ನೋಡಿದರು. ತಮ್ಮ ಗಡಿಯಾರದಲ್ಲಿ ತಾವೇ ಎಣಿಸಿದರು.

“ಛಲೋ ಐತ್ರಿ ಸರ್. ಆದ್ರ ಇಷ್ಟ ಸಾವಕಾಶ ಆದ್ರ ಹಂಗಾಮ ಮುಗದ ಹೋಗತೈತಿ.”

“ನಿಮ್ಮ ಶೆಡ್ಡಿನ್ಯಾಗ ರಕ್ತ ಬೀಳಬಾರದು ಅಂದಿದ್ರಿ.”

ಹೊತ್ತು ಮುಳುಗುವುದರೊಳಗೆ ಊಟ ಆಗಬೇಕು ಎಂದು ಮಾಲೀಕರು ಎದ್ದರು. ಆ ತೋಳು ಕಾಲೇಜಿನಲ್ಲೇ ಉಳಿಯಿತು. ನರ್ಸರಿಯಲ್ಲಿ ಹಿಂದಿನಂತೆ ಕೈಮಷೀನುಗಳ ಸಾಲು.

ತೋಳಿನ ಕೆಲಸ ಮುಗಿದ ಮೇಲೆ ಒಂದು ಬೆಳಿಗ್ಗೆ ವರದಿಯ ಒಂದು ಪ್ರತಿ ತೆಗೆದುಕೊಂಡು ಮಾವಶಿಯ ಮನೆಗೆ ಹೋದೆ. ಗಾಯ ಮಾಗಿತ್ತು. ಎರಡೂ ಅಂಗೈಗಳ ನಡುವೆ ಹಿಡಿದು ಚಹಾದ ಬಟ್ಟಲು ತಂದುಕೊಟ್ಟರು. ನಾನು ಅವರಿಗೆ ಸಂಬಂಧಪಟ್ಟ ವಾಕ್ಯ ಓದಿದೆ.

“ಇನ್ನೊಮ್ಮಿ ಓದ್ರಿ ಕಾಕಾ.”

ಓದಿದೆ.

“ತಡೀರಿ.” ಒಳಗಿದ್ದ ಸೊಸೆಯನ್ನು ಕೂಗಿದರು. “ಏ ಬಾಯಿ, ಹೊರಗ ಬಾ. ಇಲ್ಲಿ ಕುಂದ್ರು. ಕುಂಕುಮಾ ಹಚ್ಚಿ ಕೈ ಕಡಕೊಂಡ್ಳು ಅಂತ ಓಣ್ಯಾಗ ಅಂದಾರಲಾ, ಈಗ ಕೇಳು. ಓದ್ರಿ ಕಾಕಾ.”

ಸೊಸೆ ಬಂದು ಬಾಗಿಲ ಹತ್ತಿರ ಕೂತಳು. ಇಪ್ಪತ್ತೊಂದು ಇಪ್ಪತ್ತೆರಡರ ಹುಡುಗಿ. ನಾನು ಮೂರನೆಯ ಸಲ ಓದಿದೆ: ಅವರು ಕಂಡದ್ದು ಸರಿಯಾಗಿತ್ತು. ಸೊಸೆ ಅತ್ತೆಯ ಮುಖ ನೋಡಿದಳು.

“ಕೇಳೇನ್ರಿ ಅತ್ತಿ,” ಎಂದಳು.

ಆಮೇಲೆ ಎದ್ದು, ಸೆರಗನ್ನು ಸೊಂಟಕ್ಕೆ ಬಿಗಿದು, ಗೂಟದ ಮೇಲಿದ್ದ ಬುತ್ತಿಯ ಚೀಲ ತೆಗೆದುಕೊಂಡಳು.

“ಎಲ್ಲಿಗೆ ಹೊಂಟಾಳ್ರಿ?” ಎಂದೆ.

“ನರ್ಸರಿಗಿ,” ಎಂದರು ಮಾವಶಿ. “ನನ್ನ ಕೈಮಷೀನ ಖಾಲಿ ಇತ್ತಲ್ರಿ. ಈಗ ಅಕಿ ಕುಂದರತಾಳ.”